ವಿದ್ಯಾನಗರವೋ, ಪೆರಿಯವೋ, ಕೊಣಾಜೆಯೋ? ಕಾಸರಗೋಡಿನ ಕನ್ನಡ ಮಕ್ಕಳು ಎಂ.ಎ.ಗೆ ಎಲ್ಲಿ ಸೇರಬೇಕು

ನನ್ನ ಎಂ.ಎ. ಕ್ಲಾಸಿನಲ್ಲಿ ನಾವು 11 ಜನ. ಆಟಿ ತಿಂಗಳ ಜೋರು ಮಳೆಗೆ ಅದು ಆರಾಗುತ್ತಿತ್ತು. ಒಂದು ದಿನ ಮೂವರೇ ಬಂದಿದ್ದೆವು. ಸರ್ ಪುಸ್ತಕ ಮಡಚಿ, "ಬನ್ನಿ, ಚಾಯ ಕುಡಿಯುತ್ತಾ ಓದುವ" ಎಂದು ಕ್ಯಾಂಟೀನಿಗೆ ಕರೆದುಕೊಂಡು ಹೋದರು. ಆ ಎರಡು ವರ್ಷದಲ್ಲಿ ಕೇಳಿದ ಪಾಠಗಳಲ್ಲಿ ಆವತ್ತಿನದು ಮಾತ್ರ ಸಾಲು ಸಾಲಾಗಿ ನೆನಪಿದೆ.

ಸಣ್ಣ ಊರಿನ ಸಣ್ಣ ಕ್ಯಾಂಪಸ್ಸಿನಲ್ಲಿ ಮಾನವಿಕ ವಿಷಯ ಓದುವುದು ಅಂದರೆ ಹೀಗೆ. ಹಿಂದಿನ ಬೆಂಚು ಅಂತ ಒಂದು ಇರುವುದೇ ಇಲ್ಲ. ಓದದೆ ಹೋದರೆ ಹತ್ತು ನಿಮಿಷದಲ್ಲಿ ಸಿಕ್ಕಿಬೀಳುತ್ತೀರಿ. ಮೇಷ್ಟ್ರಿಗೆ ನಿಮ್ಮ ಹೆಸರು, ಊರು, ಈ ವರ್ಷ ತೋಟಕ್ಕೆ ಕೊಳೆರೋಗ ಬಂದಿದೆಯಾ ಎನ್ನುವುದೂ ಗೊತ್ತಿರುತ್ತದೆ. ಕೆಲವರಿಗೆ ಇದು ಇಷ್ಟ. ಕೆಲವರಿಗೆ ಉಸಿರು ಕಟ್ಟಿದ ಹಾಗಾಗುತ್ತದೆ.

ಡಿಗ್ರಿ ರಿಸಲ್ಟು ಬರುವ ಹೊತ್ತಿಗೆ ನಮ್ಮ ಬದಿಯಡ್ಕ ಕಡೆಯಿಂದ ಪ್ರತಿ ವರ್ಷ ಒಂದೆರಡು ಫೋನ್ ಬರುತ್ತದೆ. "ಅಕ್ಕಾ, ಮಗಳದ್ದು ಬಿ.ಎ. ಮುಗಿಯಿತು. ಮುಂದೆ ಎಲ್ಲಿಗೆ ಸೇರಿಸುವುದು? ಪೆರಿಯಕ್ಕೋ, ಕೊಣಾಜೆಗೋ?" ಐದು ನಿಮಿಷದಲ್ಲಿ ಹೇಳಿ ಮುಗಿಸುವ ಮಾತಲ್ಲ ಇದು. ಹಾಗಾಗಿ ಒಮ್ಮೆ ಬರೆದೇ ಇಡೋಣ ಅಂದುಕೊಂಡೆ.

ಹೋಲಿಸಲು ನಾಲ್ಕು ಜಾಗ ತೆಗೆದುಕೊಂಡಿದ್ದೇನೆ. ವಿದ್ಯಾನಗರದ ಕಾಸರಗೋಡು ಸರಕಾರಿ ಕಾಲೇಜು, ಪೆರಿಯದ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯ, ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯ. ನಾಲ್ಕನೆಯದು ಹೆಚ್ಚಿನವರ ತಲೆಗೆ ಬರುವುದೇ ಇಲ್ಲ, ಆಂಧ್ರದ ಕುಪ್ಪಂನಲ್ಲಿರುವ ದ್ರಾವಿಡ ವಿಶ್ವವಿದ್ಯಾಲಯ. ನಾನು ಓದಿದ ಜಾಗ ಈ ನಾಲ್ಕರಲ್ಲಿ ಇಲ್ಲ. ಮುಂದೆ ನನ್ನ ಗೋಳು ಹೇಳಿದರೆ ಅದನ್ನು ಇವುಗಳ ಮೇಲೆ ಹಾಕಬೇಡಿ.

ಮೊದಲು ಕೆಲಸ ಯಾವ ಬದಿಯಲ್ಲಿ ಎಂದು ಯೋಚಿಸಿ

ಯಾವ ಕ್ಯಾಂಪಸ್ಸು ಒಳ್ಳೆಯದು ಎಂದು ಎಲ್ಲರೂ ಕೇಳುತ್ತಾರೆ. ಕೇರಳ-ಕರ್ನಾಟಕ ಗಡಿಯ ತಲಪಾಡಿಯಿಂದ ಆಚೆ ಕೆಲಸ ಹುಡುಕುತ್ತೀರಾ, ಈಚೆಯಾ ಎಂದು ನಾನು ತಿರುಗಿ ಕೇಳುತ್ತೇನೆ. ಬೇರೆ ಜಿಲ್ಲೆಯ ಮಕ್ಕಳು 21ನೇ ವಯಸ್ಸಿಗೆ ಇದನ್ನು ತೀರ್ಮಾನ ಮಾಡಬೇಕಿಲ್ಲ. ನಮ್ಮವರು ಮಾಡಬೇಕು.

ಕೇರಳದಲ್ಲೇ ಉಳಿಯುವುದಾದರೆ ಕನ್ನಡ ಓದಿದವರಿಗೆ ಇಲ್ಲಿ ನಿಜವಾಗಿಯೂ ದಾರಿ ಇದೆ. ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮ ಶಾಲೆಗಳಿಗೆ ಕೇರಳ ಪಿ.ಎಸ್‌.ಸಿ. ಪ್ರತ್ಯೇಕವಾಗಿಯೇ ಶಿಕ್ಷಕರ ಹುದ್ದೆ ಕರೆಯುತ್ತದೆ. ಕನ್ನಡ ಮತ್ತು ಮಲಯಾಳ ಎರಡೂ ಬಲ್ಲ ಕ್ಲರ್ಕುಗಳ ಹುದ್ದೆಯೂ ಬೇರೆಯೇ ಇದೆ. ಹೈಸ್ಕೂಲಿಗೆ ಡಿಗ್ರಿ, ಬಿ.ಎಡ್‌., ಕೆ-ಟೆಟ್ ಎಂಬ ಶಿಕ್ಷಕರ ಅರ್ಹತಾ ಪರೀಕ್ಷೆ ಬೇಕು. ಪ್ಲಸ್ ಟುಗೆ ಕಲಿಸಲು ಎಂ.ಎ., ಬಿ.ಎಡ್‌., ಜೊತೆಗೆ ಕೇರಳದ ಸೆಟ್ ಪರೀಕ್ಷೆ. ಆ ಸೆಟ್‌ನಲ್ಲಿ ಕನ್ನಡವೂ ಒಂದು ವಿಷಯ. ಹುದ್ದೆಗಳ ಸಂಖ್ಯೆ ಕಡಿಮೆ, ಅದು ನಿಜ. ಆದರೆ ಸ್ಪರ್ಧೆಗೆ ಇಳಿಯುವವರೂ ಕಡಿಮೆ.

ಕರ್ನಾಟಕದಲ್ಲಿ ಹುದ್ದೆ ಜಾಸ್ತಿ, ನೂಕುನುಗ್ಗಲು ಇನ್ನೂ ಜಾಸ್ತಿ. ಅಲ್ಲಿ ಇನ್ನೊಂದು ತೊಡಕಿದೆ. ನಿಮ್ಮ ಜಾತಿ ಸರ್ಟಿಫಿಕೇಟು ಕೇರಳದ್ದು. ಮೀಸಲಾತಿ ಪಟ್ಟಿ ಒಂದೊಂದು ರಾಜ್ಯಕ್ಕೆ ಒಂದೊಂದು. ಗಡಿ ದಾಟಿದ ಕೂಡಲೇ ನಿಮ್ಮ ವರ್ಗ ನಿಮ್ಮ ಜೊತೆ ಬರುವುದಿಲ್ಲ, ಹೆಚ್ಚಿನ ಕಡೆ ಸಾಮಾನ್ಯ ವರ್ಗದಲ್ಲೇ ಗುದ್ದಾಡಬೇಕು. ಗಡಿನಾಡ ಕನ್ನಡಿಗರ ಮೀಸಲು ಸೀಟಿನ ಕಥೆ ನಮ್ಮಲ್ಲಿ ಎಲ್ಲರ ಬಾಯಲ್ಲೂ ಇದೆ. ಅದು ಮುಖ್ಯವಾಗಿ ಇಂಜಿನಿಯರಿಂಗಿನಂಥ ವೃತ್ತಿಪರ ಕೋರ್ಸಿಗೆ. ಎಂ.ಎ. ಕನ್ನಡ ಓದುವವರು ಅದನ್ನು ನಂಬಿ ಕೂರಬೇಡಿ.

ಕಾಲೇಜಿನಲ್ಲಿ ಕಲಿಸುವ ಆಸೆ ಇದ್ದರೆ ಎರಡೂ ಬದಿಗೆ ನೆಟ್ ಎಂಬ ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆ ಸಾಕು. ಅದೇ ರೀತಿಯ ಕರ್ನಾಟಕದ ರಾಜ್ಯಮಟ್ಟದ ಪರೀಕ್ಷೆ ಕೆ-ಸೆಟ್ ಪಾಸಾದರೆ ಅದರ ಬೆಲೆ ಕರ್ನಾಟಕದೊಳಗೆ ಮಾತ್ರ. ನೆಟ್‌ನ ಎರಡನೇ ಪತ್ರಿಕೆಯನ್ನು ಕನ್ನಡ ವಿಷಯದವರು ಕನ್ನಡದಲ್ಲೇ ಬರೆಯುತ್ತಾರೆ, 100 ಪ್ರಶ್ನೆ. ಮೊದಲ ಪತ್ರಿಕೆಯ 50 ಪ್ರಶ್ನೆ ಮಾತ್ರ ಇಂಗ್ಲಿಷ್ ಅಥವಾ ಹಿಂದಿಯಲ್ಲಿ. ನಮ್ಮವರು ಮುಗ್ಗರಿಸುವುದು ಈ 50ರಲ್ಲಿ. ಪಂಪ, ರನ್ನ ಅಂಗೈಯಲ್ಲಿ ಇರುತ್ತಾರೆ. ಒಂದು ಕೋಷ್ಟಕ ಕೊಟ್ಟು ಶೇಕಡಾ ಲೆಕ್ಕ ಕೇಳಿದರೆ ಮುಖ ಬಾಡುತ್ತದೆ.

ವಿದ್ಯಾನಗರ: ಮನೆ ಊಟ ತಿಂದು ಓದುವುದು

ಕಾಸರಗೋಡು ಸರಕಾರಿ ಕಾಲೇಜು ಶುರುವಾದದ್ದು 1957ರಲ್ಲಿ. ಅಂದರೆ 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿದ ಮರುವರ್ಷ. ಈಗ ಕಣ್ಣೂರು ವಿಶ್ವವಿದ್ಯಾಲಯದ ಕೆಳಗೆ ಬರುತ್ತದೆ. ಇಲ್ಲಿ ಕನ್ನಡ ಎಂ.ಎ. ಇದೆ, ಕನ್ನಡ ಸಂಶೋಧನೆಗೂ ಅವಕಾಶ ಇದೆ. ಜಿಲ್ಲೆಯ ಕನ್ನಡ ಮೇಷ್ಟ್ರುಗಳಲ್ಲಿ ಎಷ್ಟೋ ಜನ ಇದೇ ವರಾಂಡದಲ್ಲಿ ಓಡಾಡಿದವರು. ಅದರ ಲಾಭ ಸೇರಿದ ಮೇಲೆ ಗೊತ್ತಾಗುತ್ತದೆ. ಯಾವ ಶಾಲೆಯಲ್ಲಿ ಯಾವ ಹುದ್ದೆ ಖಾಲಿ, ದಿನಗೂಲಿಗೆ ಎಲ್ಲಿ ಕರೆಯುತ್ತಿದ್ದಾರೆ ಎಂಬ ಸುದ್ದಿ ಮೊದಲು ಬರುವುದು ಇಲ್ಲಿಗೆ.

ಇದನ್ನು ಹಳ್ಳಿ ಕ್ಯಾಂಪಸ್ಸು ಅನ್ನುವಂತಿಲ್ಲ. ಹೆದ್ದಾರಿ ಪಕ್ಕ, ಕಲೆಕ್ಟರೇಟಿನ ಹತ್ತಿರ. ಆದರೆ ಎಂ.ಎ. ಕ್ಲಾಸು ಸಣ್ಣದೇ. ಮನೆಯಿಂದ ಹೋಗಿಬರಬಹುದು, ಬಸ್ಸಿಗೆ ಕನ್ಸೆಷನ್ ಕಾರ್ಡು ಸಿಗುತ್ತದೆ. ಅಡಿಕೆ ಸುಲಿಯುವ ಸಮಯದಲ್ಲಿ ಮನೆಯವರಿಗೆ ಕೈಯೂ ಸಿಗುತ್ತದೆ. ಕೊನೆಯದನ್ನು ಲಾಭ ಅನ್ನಬೇಕೋ ನಷ್ಟ ಅನ್ನಬೇಕೋ ನೀವೇ ಹೇಳಿ.

ನನಗೆ ಕಾಣುವ ಕೊರತೆ ಬೇರೆ. ಬಿ.ಎ.ಯನ್ನು ಅಲ್ಲೇ ಮಾಡಿ ಎಂ.ಎ.ಯನ್ನೂ ಅಲ್ಲೇ ಮಾಡಿದರೆ ಐದು ವರ್ಷ ಅದೇ ಮೇಷ್ಟ್ರು, ಅದೇ ಗೆಳೆಯರು, ಅದೇ ಬಸ್ಸು. ಮಾನವಿಕ ವಿಷಯದಲ್ಲಿ ಅರ್ಧ ಕಲಿಯುವುದು ನಮಗಿಂತ ಬೇರೆ ರೀತಿ ಯೋಚಿಸುವವರ ಜೊತೆ ವಾದ ಮಾಡಿ. ನಮ್ಮೂರಿನವರೇ ಕೂತರೆ ಎಲ್ಲರೂ ಹೌದು ಹೌದು ಎಂದು ತಲೆ ಆಡಿಸಿ ಎದ್ದುಬಿಡುತ್ತಾರೆ. ಬಿ.ಎ. ಬೇರೆ ಕಡೆ ಮಾಡಿದವರಿಗೆ ಈ ಮಾತು ಅನ್ವಯಿಸುವುದಿಲ್ಲ.

ಪೆರಿಯ: ನಮ್ಮ ಜಿಲ್ಲೆಯಲ್ಲೇ ನೆಂಟರ ಹಾಗೆ

2009ರಲ್ಲಿ ಸಂಸತ್ತಿನ ಕಾಯ್ದೆಯಿಂದ ಹುಟ್ಟಿದ ಕೇಂದ್ರೀಯ ವಿಶ್ವವಿದ್ಯಾಲಯ ಇದು. ಕಾಸರಗೋಡು ಮತ್ತು ಕಾಞಂಗಾಡಿನ ನಡುವೆ ಪೆರಿಯದ ಗುಡ್ಡೆಯ ಮೇಲೆ ಸುಮಾರು 310 ಎಕರೆ. ತೇಜಸ್ವಿನಿ ಹಿಲ್ಸ್ ಎಂದು ಹೆಸರು. ಮುರಕಲ್ಲಿನ ಬೋಳು ಪದವು, ಬೇಸಿಗೆಯಲ್ಲಿ ಕಾದ ಕಾವಲಿ. ಮಳೆಗಾಲದಲ್ಲಿ ಆ ಪಾರೆಯ ಮೇಲೆ ನೀಲಿ ಹೂವು ಬಿಟ್ಟಾಗ ಬಂದು ನೋಡಿ, ಹೊರಡಲು ಮನಸ್ಸಾಗುವುದಿಲ್ಲ. ಆದರೆ ಸೀಟು ತೀರ್ಮಾನ ಮಾಡುವುದು ಹೂವು ನೋಡಿ ಅಲ್ಲ, ಅಲ್ವಾ.

ಇಂಗ್ಲಿಷ್ ಮತ್ತು ತೌಲನಿಕ ಸಾಹಿತ್ಯ, ಭಾಷಾವಿಜ್ಞಾನ, ಅರ್ಥಶಾಸ್ತ್ರ, ಅಂತಾರಾಷ್ಟ್ರೀಯ ಸಂಬಂಧ, ಸಾರ್ವಜನಿಕ ಆಡಳಿತ, ಸಮಾಜಕಾರ್ಯ, ಹಿಂದಿ, ಮಲಯಾಳ ಎಲ್ಲ ಇವೆ. ಕನ್ನಡ ವಿಭಾಗವೂ ಇದೆ. ಕೇರಳದ ನೆಲದಲ್ಲಿ ಕೇಂದ್ರ ಸರಕಾರದ ದುಡ್ಡಿನಲ್ಲಿ ಕನ್ನಡ ಎಂ.ಎ. ಓದಬಹುದು ಎನ್ನುವುದು ನಮ್ಮ ಒಳನಾಡಿನ ಎಷ್ಟೋ ಮನೆಗಳಿಗೆ ಇನ್ನೂ ಗೊತ್ತಿಲ್ಲ. ಅಡೂರು, ಬಂದಡ್ಕ ಕಡೆ ಹೋದಾಗ ನಾನೇ ನೋಡಿದ್ದೇನೆ. ಕುತ್ತಿಕ್ಕೋಲಿನ ಮೇಲೆ ಪೊಯಿನಾಚಿಗೆ ಇಳಿದರೆ ಪೆರಿಯ ಅವರಿಗೆ ದೂರವೂ ಅಲ್ಲ.

ಇಲ್ಲಿಗೆ ಸೇರಲು ಸಿ.ಯು.ಇ.ಟಿ. ಪಿ.ಜಿ. ಎಂಬ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಬರೆಯಬೇಕು. ಹೆಚ್ಚಿನವರು ಎಡವುವುದು ಇಲ್ಲೇ. ಅರ್ಜಿ ಕರೆಯುವುದು ಚಳಿಗಾಲದಲ್ಲಿ, ಕೊನೆಯ ಸೆಮಿಸ್ಟರು ನಡೆಯುತ್ತಿರುವಾಗಲೇ. ರಿಸಲ್ಟು ಬಂದ ಮೇಲೆ ನನಗೆ ಫೋನ್ ಮಾಡುವವರಿಗೆ ಆಗಲೇ ಒಂದು ಬಾಗಿಲು ಮುಚ್ಚಿರುತ್ತದೆ. ಸೀಟು ಉಳಿದರೆ ಕೊನೆಗೆ ಸ್ಪಾಟ್ ಅಡ್ಮಿಷನ್ ಇರಬಹುದು, ಅದನ್ನು ನೆಚ್ಚಿಕೊಳ್ಳಬೇಡಿ. ಪರೀಕ್ಷೆ ಕಂಪ್ಯೂಟರಿನಲ್ಲಿ. ಸರಿ ಉತ್ತರಕ್ಕೆ 4 ಅಂಕ, ತಪ್ಪಾದರೆ 1 ಅಂಕ ಹೋಗುತ್ತದೆ. ಭಾಷೆಯ ಪತ್ರಿಕೆ ಬಿಟ್ಟರೆ ಉಳಿದ ಮಾನವಿಕ ವಿಷಯಗಳ ಪ್ರಶ್ನೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಕನ್ನಡ ಮಾಧ್ಯಮದಲ್ಲಿ ಅರ್ಥಶಾಸ್ತ್ರ ಓದಿದ ಹುಡುಗನಿಗೆ ಉತ್ತರ ಗೊತ್ತಿದ್ದರೂ ಪ್ರಶ್ನೆ ಅರ್ಥ ಆಗಲು ಹೊತ್ತು ಹಿಡಿಯುತ್ತದೆ. ಹಳೆಯ ಪತ್ರಿಕೆಗಳನ್ನು ಮೂರು ತಿಂಗಳು ಮೊದಲೇ ಹಿಡಿದು ಕೂತರೆ ಈ ತೊಂದರೆ ಅರ್ಧಕ್ಕರ್ಧ ಇಳಿಯುತ್ತದೆ.

ಈಗ ನೆಂಟರ ಮಾತಿಗೆ ಬರುತ್ತೇನೆ. ಕ್ಲಾಸಿನಲ್ಲಿ ಇಂಗ್ಲಿಷು, ಹಾಸ್ಟೆಲಿನಲ್ಲಿ ಮಲಯಾಳ, ಉತ್ತರದವರ ಗುಂಪಿನಲ್ಲಿ ಹಿಂದಿ. ಮಂಜೇಶ್ವರದಿಂದ ಬಂದ ಕನ್ನಡ ಹುಡುಗಿಗೆ ಸ್ವಂತ ಜಿಲ್ಲೆಯಲ್ಲೇ ಮೊದಲ ತಿಂಗಳು ಪರದೇಶ. ಎರಡನೇ ಸೆಮಿಸ್ಟರಿಗೆ ಅದೇ ಹುಡುಗಿ ನಾಲ್ಕು ಭಾಷೆಯಲ್ಲಿ ಜಗಳ ಮಾಡುವಷ್ಟು ತಯಾರಾಗಿರುತ್ತಾಳೆ. ತುಳು, ಕನ್ನಡ, ಮಲಯಾಳ ಮೊದಲೇ ಕಿವಿಗೆ ಬಿದ್ದು ಬೆಳೆದವಳಲ್ವಾ. ನಮ್ಮ ಮಕ್ಕಳ ಈ ಬಂಡವಾಳವನ್ನು ನಾವು ಲೆಕ್ಕಕ್ಕೇ ಹಿಡಿಯುವುದಿಲ್ಲ. ಕಾಸರಗೋಡು ಸಪ್ತಭಾಷಾ ಸಂಗಮ ಎಂದು ವೇದಿಕೆಯಲ್ಲಿ ಹೇಳುತ್ತೇವೆ. ಭಾಷಾವಿಜ್ಞಾನ ಎಂ.ಎ. ಓದು ಎಂದು ಮಕ್ಕಳಿಗೆ ಹೇಳುವುದಿಲ್ಲ. ಒಂದೇ ಮನೆಯಲ್ಲಿ ಮೂರು ಭಾಷೆ ಓಡಾಡುವ ಊರಿನವರಿಗಿಂತ ಅದಕ್ಕೆ ತಯಾರಾದವರು ಯಾರಿದ್ದಾರೆ? ನನ್ನನ್ನು ಕೇಳಿದರೆ ಪೆರಿಯಕ್ಕೆ ಹೋಗಲು ಇದೊಂದೇ ಕಾರಣ ಸಾಕು.

ಸಂಶೋಧನೆ ಮಾಡುವ ಯೋಚನೆ ಇದ್ದರೆ ಇನ್ನೊಂದು ಲೆಕ್ಕ. ನೆಟ್‌ನಲ್ಲಿ ಮೇಲಿನ ಅಂಕ ಬಂದವರಿಗೆ ಕೊಡುವ ಸಂಶೋಧನಾ ಫೆಲೋಶಿಪ್ ಜೆ.ಆರ್‌.ಎಫ್‌. ಸಿಕ್ಕಿದವರಿಗೆ ಎಲ್ಲಿ ಓದಿದರೂ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ ಬರುತ್ತದೆ. ಸಿಗದೆ ಹೋದರೂ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಪಿಎಚ್‌.ಡಿ. ಮಾಡುವವರಿಗೆ ತಿಂಗಳಿಗೆ 8,000 ರೂಪಾಯಿಯ ಫೆಲೋಶಿಪ್ ಇದೆ. ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಹಾಗೆ ಎಲ್ಲರಿಗೂ ಸಿಗುವ ವ್ಯವಸ್ಥೆ ಇಲ್ಲ. ಅಷ್ಟು ದುಡ್ಡಿನಲ್ಲಿ ಸಂಸಾರ ನಡೆಯುವುದಿಲ್ಲ. ಮೆಸ್ಸಿನ ಬಿಲ್ಲು ಕಟ್ಟಿ ಮನೆಗೆ ಹೋಗುವಾಗ ಬಸ್ ಚಾರ್ಜಿಗೆ ಅಪ್ಪನ ಮುಖ ನೋಡಬೇಕಾಗುವುದಿಲ್ಲ, ಅಷ್ಟೇ.

ಕೊಣಾಜೆ: ಕನ್ನಡದ ದೊಡ್ಡ ಮನೆ

ಮಂಗಳಗಂಗೋತ್ರಿ ಎಂದು ಕರೆಯುವ ಕೊಣಾಜೆಯ ಈ ಕ್ಯಾಂಪಸ್ಸು 1968ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿ ಹುಟ್ಟಿತು, 1980ರಲ್ಲಿ ಮಂಗಳೂರು ವಿಶ್ವವಿದ್ಯಾಲಯ ಆಯಿತು. ಅಲ್ಲಿನ ಕನ್ನಡ ವಿಭಾಗಕ್ಕೆ ಅದನ್ನು ಕಟ್ಟಿದ ಎಸ್‌.ವಿ. ಪರಮೇಶ್ವರ ಭಟ್ಟರ ಹೆಸರಿದೆ. ಯಕ್ಷಗಾನ ಅಧ್ಯಯನ ಕೇಂದ್ರ ಇದೆ, ತುಳು ಪೀಠ ಇದೆ. ಇತಿಹಾಸ, ಸಮಾಜಶಾಸ್ತ್ರ, ರಾಜ್ಯಶಾಸ್ತ್ರ, ಅರ್ಥಶಾಸ್ತ್ರ, ಪತ್ರಿಕೋದ್ಯಮ ಎಲ್ಲಕ್ಕೂ ಎಂ.ಎ. ಇದೆ. ಇತಿಹಾಸವೇ ಬೇಕು ಎನ್ನುವ ಮಕ್ಕಳನ್ನು ನಾನು ಕಣ್ಣು ಮುಚ್ಚಿ ಇಲ್ಲಿಗೆ ಕಳಿಸುತ್ತೇನೆ.

ಕಾರಣ ಸರಳ. ಇಲ್ಲಿ ಕ್ಲಾಸಿನ ಒಳಗೂ ಹೊರಗೂ ಕನ್ನಡ ಇದೆ. ಗ್ರಂಥಾಲಯದಲ್ಲಿ ಕರಾವಳಿಯ ಬಗ್ಗೆ ಕನ್ನಡದಲ್ಲಿ ಬಂದ ಪುಸ್ತಕಗಳ ಸಾಲೇ ಇದೆ. ಕಾಸರಗೋಡು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯೊಳಗೇ ಇತ್ತಲ್ಲ, ನಮ್ಮ ಹಳೆಯ ಕಥೆ ಹೆಚ್ಚು ಸಿಗುವುದೂ ಆ ಕಡೆಯ ಕಾಗದಗಳಲ್ಲಿ. ಇತಿಹಾಸ, ಸಮಾಜಶಾಸ್ತ್ರದ ಉತ್ತರಗಳನ್ನು ಕನ್ನಡದಲ್ಲಿ ಬರೆಯುವ ಬಯಕೆ ಇದ್ದವರು ಸೇರುವ ಮೊದಲೇ ವಿಭಾಗದಲ್ಲಿ ಕೇಳಿಕೊಳ್ಳಿ.

ದೂರದ ವಿಷಯ ಮನೆ ಎಲ್ಲಿ ಎನ್ನುವುದರ ಮೇಲೆ ನಿಂತಿದೆ. ವರ್ಕಾಡಿ, ಮೀಂಜ ಕಡೆಯವರಿಗೆ ಒಳದಾರಿಯಲ್ಲಿ ಮುಡಿಪು ದಾಟಿದರೆ ಕೊಣಾಜೆ ಪಕ್ಕದ ಊರು. ಉಪ್ಪಳ, ಕುಂಬಳೆಯವರು ಹೆದ್ದಾರಿಯಲ್ಲಿ ತೊಕ್ಕೊಟ್ಟಿಗೆ ಹೋಗಿ ಬಸ್ಸು ಬದಲಿಸಬೇಕು. ಬದಿಯಡ್ಕ, ಮುಳ್ಳೇರಿಯದವರು ದಿನಾ ಹೋಗಿಬರುವ ಕನಸು ಕಾಣಬೇಡಿ, ಹಾಸ್ಟೆಲೇ ಗತಿ. ಕೇರಳದ ಬಸ್ಸಿನ ಕನ್ಸೆಷನ್ನು ಗಡಿಯಾಚೆ ಲೆಕ್ಕಕ್ಕೆ ಬರುವುದಿಲ್ಲ. 2023ರ ಜೂನ್‌ನಲ್ಲಿ ಕರ್ನಾಟಕದಲ್ಲಿ ಹೆಂಗಸರಿಗೆ ಬಸ್ಸು ಫ್ರೀ ಆದಾಗ ನಮ್ಮ ಹುಡುಗಿಯರಿಗೂ ಖುಷಿಯಾಯಿತು. ಆಧಾರ್ ಕಾರ್ಡಿನಲ್ಲಿ ಕೇರಳದ ವಿಳಾಸ ನೋಡಿ ಕಂಡಕ್ಟರು ಟಿಕೆಟ್ ಹರಿದು ಕೊಟ್ಟ ಮೇಲೆ ಆ ಖುಷಿ ಇಳಿಯಿತು.

ಇನ್ನೊಂದು ಸಂಗತಿ ಮರೆಯಬೇಡಿ. 2020ರ ಮಾರ್ಚ್‌ನಲ್ಲಿ ಕೊರೊನಾ ಬಂದಾಗ ತಲಪಾಡಿಯಲ್ಲಿ ರಸ್ತೆ ಮುಚ್ಚಿದರು, ಒಳದಾರಿಗಳಿಗೆ ಮಣ್ಣು ಸುರಿದರು. ಆಸ್ಪತ್ರೆಗೆ ಹೋಗುವವರನ್ನೇ ಬಿಡಲಿಲ್ಲ, ಇನ್ನು ಪರೀಕ್ಷೆಗೆ ಹೋಗುವವರನ್ನು ಯಾರು ಕೇಳಿದರು? ಅಂಥದ್ದು ದಿನಾ ಆಗುವುದಿಲ್ಲ. ಆದರೆ ಗಡಿ ಅಂದರೆ ನಕ್ಷೆಯ ಗೆರೆ ಮಾತ್ರ ಅಂದುಕೊಂಡಿದ್ದ ನಮಗೆ ಆ ಎರಡು ತಿಂಗಳು ಚೆನ್ನಾಗಿ ಪಾಠ ಕಲಿಸಿತು.

ಕುಪ್ಪಂ: ಎಲ್ಲರಿಗೂ ಅಲ್ಲ

ಆಂಧ್ರ, ಕರ್ನಾಟಕ, ತಮಿಳುನಾಡು ಮೂರೂ ಒಟ್ಟಾಗುವ ಮೂಲೆಯಲ್ಲಿ ಕುಪ್ಪಂ ಇದೆ. 1997ರಲ್ಲಿ ದ್ರಾವಿಡ ಭಾಷೆಗಳಿಗೆಂದೇ ಕಟ್ಟಿದ ವಿಶ್ವವಿದ್ಯಾಲಯ ಅದು. ತುಂಬಾ ದೊಡ್ಡ ಜಾಗ, ಕಡಿಮೆ ಜನ. ಕನ್ನಡ ಮತ್ತು ಅನುವಾದ ಅಧ್ಯಯನಕ್ಕೆ ವಿಭಾಗ ಇದೆ, ಜಾನಪದಕ್ಕೂ ಇದೆ. ಕಾಸರಗೋಡಿನಿಂದ ರೈಲು ಹತ್ತಿ ಬೆಂಗಳೂರಿಗೆ, ಅಲ್ಲಿಂದ ಬಂಗಾರಪೇಟೆ ದಾರಿಯ ರೈಲಿನಲ್ಲಿ ಕುಪ್ಪಂಗೆ. ತಿಂಗಳಿಗೊಮ್ಮೆ ಮನೆಗೆ ಬರುವುದೂ ಕಷ್ಟ. ಅನುವಾದವೇ ನನ್ನ ದಾರಿ, ತೆಲುಗೋ ತಮಿಳೋ ಕಲಿಯಲೇಬೇಕು ಎನ್ನುವವರು ಮಾತ್ರ ಯೋಚಿಸಿ. ಮಲಯಾಳ ಮನೆಯಂಗಳದಲ್ಲೇ ಇರುವ ಕಾಸರಗೋಡಿನವರಿಗೆ ಅನುವಾದ ಕಲಿಯಲು ಅಷ್ಟು ದೂರ ಯಾಕೆ ಎಂದು ನನಗೆ ಅನಿಸುತ್ತದೆ. ಹೊಸೂರು, ಕೃಷ್ಣಗಿರಿ ಕಡೆಯ ಕನ್ನಡ ಮಕ್ಕಳಿಗೆ ಅದು ಹತ್ತಿರ, ಅವರ ಲೆಕ್ಕ ಬೇರೆ.

ಹಂಪಿಯ ಕನ್ನಡ ವಿಶ್ವವಿದ್ಯಾಲಯವನ್ನೂ ಕೇಳುತ್ತಾರೆ. 1991ರ ಆ ಸಂಸ್ಥೆ ಮುಖ್ಯವಾಗಿ ಸಂಶೋಧನೆಗೆ. ಎಂ.ಎ. ಮುಗಿಸಿಕೊಂಡು ಆಮೇಲೆ ಯೋಚಿಸಿ.

ಪ್ಲಸ್ ಟು ಮುಗಿಸಿದವರಿಗೆ ಒಂದು ಮಾತು

ಡಿಗ್ರಿಗೇ ಗಡಿ ದಾಟುವವರು ಇದನ್ನು ನೋಡಿಕೊಳ್ಳಿ. ಕೇರಳದಲ್ಲಿ 2024ರಿಂದ ನಾಲ್ಕು ವರ್ಷದ ಡಿಗ್ರಿ ಬಂದಿದೆ. ಮೂರು ವರ್ಷಕ್ಕೆ ಬಿಟ್ಟರೂ ಡಿಗ್ರಿ ಸಿಗುತ್ತದೆ, ನಾಲ್ಕನೇ ವರ್ಷ ಓದಿದರೆ ಆನರ್ಸ್. ಕರ್ನಾಟಕ ಅದೇ ವರ್ಷ ನಾಲ್ಕು ವರ್ಷದ ಪದ್ಧತಿಯನ್ನು ಬಿಟ್ಟು ಮೂರಕ್ಕೆ ಮರಳಿತು. ಪುತ್ತೂರಿನಲ್ಲಿ ಬಿ.ಎ. ಮಾಡುವ ಪೆರ್ಲದ ಹುಡುಗನೂ ಕಾಸರಗೋಡಿನಲ್ಲಿ ಬಿ.ಎ. ಮಾಡುವ ಅವನ ಪಕ್ಕದ ಮನೆಯ ಹುಡುಗಿಯೂ ಬೇರೆ ಬೇರೆ ಲೆಕ್ಕದಲ್ಲಿ ಎಂ.ಎ.ಗೆ ಬರುತ್ತಾರೆ. ಮಧ್ಯದಲ್ಲಿ ಆ ಕಡೆಯಿಂದ ಈ ಕಡೆಗೆ ಹಾರುವ ಯೋಚನೆ ಇದ್ದರೆ ಮೊದಲೇ ವಿಚಾರಿಸಿ.

ಕರ್ನಾಟಕದ ಡಿಗ್ರಿ ಹಿಡಿದು ಕೇರಳ ಪಿ.ಎಸ್‌.ಸಿ.ಗೆ ಬಂದರೆ ಎರಡೂ ಕಡೆಯ ಡಿಗ್ರಿ ಸಮಾನ ಎನ್ನುವ ಈಕ್ವಿವೆಲೆನ್ಸಿ ಸರ್ಟಿಫಿಕೇಟು ಕೇಳುವುದುಂಟು. ಪಾಸಾದ ವರ್ಷವೇ ಅದನ್ನು ಮಾಡಿಸಿಟ್ಟುಕೊಳ್ಳಿ. ಸಂದರ್ಶನದ ಹಿಂದಿನ ವಾರ ಓಡಾಡಿದರೆ ಆಗುವ ಕೆಲಸ ಅಲ್ಲ.

ಸಣ್ಣ ವಿಭಾಗದ ಅಪಾಯ

ಮೊದಲಿಗೆ ಹೇಳಿದ ಕ್ಯಾಂಟೀನಿನ ಪಾಠ ಚಂದದ ಕಥೆ. ಅದರ ಇನ್ನೊಂದು ಮುಖವನ್ನೂ ಹೇಳಬೇಕು. ನನ್ನ ಎರಡನೇ ವರ್ಷ ಆ ಸರ್ ಬಿಟ್ಟು ಹೋದರು. ಅವರು ಅತಿಥಿ ಉಪನ್ಯಾಸಕರು, ಬೇರೆ ಕಡೆ ಕಾಯಂ ಕೆಲಸ ಸಿಕ್ಕಿತು. ಅವರನ್ನು ದೂರುವಂತಿಲ್ಲ. ಆದರೆ ವಿಭಾಗದಲ್ಲಿ ಇದ್ದವರೇ ನಾಲ್ಕು ಜನ. ಒಬ್ಬರು ಹೋದರೆ ಕಾಲು ಭಾಗ ಹೋದ ಹಾಗೆ. ನಮ್ಮ ಎರಡು ಪತ್ರಿಕೆಗಳನ್ನು ಯಾರೂ ಪೂರ್ತಿ ಮಾಡಲಿಲ್ಲ. ನನ್ನ ಪ್ರಬಂಧ ಅವರ ಕೈಕೆಳಗೆ ಇತ್ತು. ಹೊಸದಾಗಿ ಬಂದವರಿಗೆ ಆ ವಿಷಯವೇ ಬೇರೆ. ಫೆಬ್ರವರಿಯಲ್ಲಿ ವಿಷಯ ಬದಲಿಸಿ ಮೇ ತಿಂಗಳಿಗೆ ಏನೋ ಒಂದು ಬರೆದು ಕೊಟ್ಟೆ. ಈಗ ಅದನ್ನು ಓದಲು ನನಗೇ ನಾಚಿಕೆ.

ಹಾಗಾಗಿ ಸೇರುವ ಮೊದಲು ವಿಭಾಗದಲ್ಲಿ ಕಾಯಂ ಮೇಷ್ಟ್ರು ಎಷ್ಟು, ಅತಿಥಿಗಳು ಎಷ್ಟು ಎಂದು ಕೇಳಿ. ಸಂಕೋಚ ಬೇಡ. ಎರಡನೇ ವರ್ಷ ಓದುತ್ತಿರುವವರನ್ನು ಹೊರಗೆ ಚಾಯದ ಅಂಗಡಿಯಲ್ಲಿ ಹಿಡಿದು ಕೇಳಿದರೆ ಇನ್ನೂ ಒಳ್ಳೆಯದು. ಕಳೆದ ವರ್ಷದವರು ಬರೆದ ಪ್ರಬಂಧಗಳು ಎಲ್ಲಿವೆ ಎಂದು ಗ್ರಂಥಾಲಯದಲ್ಲಿ ಕೇಳಿ, ಎರಡು ಮೂರು ತೆರೆದು ನೋಡಿ. ಒಂದರ ನೆರಳು ಇನ್ನೊಂದರ ಮೇಲೆ ಬಿದ್ದಿದ್ದರೆ ಅಲ್ಲಿ ಯಾರೂ ಓದಿ ತಿದ್ದುವುದಿಲ್ಲ ಎಂದು ಅರ್ಥ.

ಪ್ರಬಂಧದ ವಿಷಯಕ್ಕೆ ನಮ್ಮವರು ಯಾಕೆ ದೂರ ಹೋಗುತ್ತಾರೋ ನನಗೆ ಗೊತ್ತಾಗುವುದಿಲ್ಲ. ಗುಡ್ಡೆಯ ಹೊಟ್ಟೆಗೆ ಅಡ್ಡ ಕೊರೆದು ನೀರು ತೆಗೆಯುವ ಸುರಂಗ ನಮ್ಮಲ್ಲಿದೆ. ಅದನ್ನು ಕೊರೆದವರಲ್ಲಿ ಬದುಕಿರುವವರು ಈಗ ಮುದುಕರು. ಗೇರುತೋಟಕ್ಕೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಸುರಿದ ಎಣ್ಮಕಜೆ ನಮ್ಮಲ್ಲಿದೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ, ಕವಿ ಗೋವಿಂದ ಪೈಗಳ ಮಂಜೇಶ್ವರ, ಕೆಳದಿಯವರು ಕಟ್ಟಿದ ಬೇಕಲ ಕೋಟೆ, ಚಂದ್ರಗಿರಿಯ ಉತ್ತರ ಭಾಗ ಕರ್ನಾಟಕಕ್ಕೆ ಸೇರಬೇಕು ಎಂದ 1967ರ ಮಹಾಜನ ವರದಿ. ಒಂದೊಂದೂ ಒಂದು ಪಿಎಚ್‌.ಡಿ.ಗೆ ಸಾಲುವಷ್ಟು ಇದೆ. ಊರಿನ ವಿಷಯ ಹಿಡಿದರೆ ಬಸ್ಸಿನಲ್ಲಿ ಹೋಗಿ ಜನರ ಹತ್ತಿರ ಮಾತಾಡಿ ಬರಬಹುದು. ಅವರ ಭಾಷೆ ನಿಮಗೆ ಬರುತ್ತದೆ. ದೆಹಲಿಯಿಂದ ಬರುವವರಿಗೆ ಆ ಅನುಕೂಲ ಇಲ್ಲ.

ಕಾಗದಪತ್ರ

ಇದು ಬೇಸರದ ಭಾಗ. ಆದರೂ ಬಿಡುವಂತಿಲ್ಲ. ಪೆರಿಯಕ್ಕೆ ಅರ್ಜಿ ಹಾಕುವ ಹಿಂದುಳಿದ ವರ್ಗದವರು ಕೇಂದ್ರದ ನಮೂನೆಯ ಒಬಿಸಿ ಸರ್ಟಿಫಿಕೇಟು ಮಾಡಿಸಬೇಕು, ನಾನ್ ಕ್ರೀಮಿ ಲೇಯರ್ ಎಂದು ಬರೆದಿರಬೇಕು. ಹಳೆಯದು ನಡೆಯುವುದಿಲ್ಲ, ಆ ವರ್ಷದ ಏಪ್ರಿಲ್ 1ರ ಮೇಲಿನ ತಾರೀಕು ಕೇಳುತ್ತಾರೆ. ರಾಜ್ಯದ ನಮೂನೆಯದ್ದು ಹಿಡಿದುಕೊಂಡು ಹೋಗಿ ವಾಪಸಾದವರಲ್ಲಿ ನಾನೂ ಒಬ್ಬಳು. ಜೂನ್ ತಿಂಗಳ ಮಳೆಯಲ್ಲಿ ಎರಡು ಸಲ ವಿಲೇಜ್ ಆಫೀಸು, ಒಂದು ಸಲ ತಾಲೂಕು ಆಫೀಸು. ಈಗ ಸರಕಾರಿ ಸೇವೆಗಳ ಅಕ್ಷಯ ಕೇಂದ್ರದಲ್ಲಿ ಅರ್ಜಿ ಹಾಕಬಹುದು. ನಮೂನೆಯ ಪ್ರಿಂಟ್ ನೀವೇ ತೆಗೆದುಕೊಂಡು ಹೋಗಿ ತೋರಿಸಿ. "ಒಬಿಸಿ ಸರ್ಟಿಫಿಕೇಟು ಬೇಕು" ಎಂದು ಸುಮ್ನೆ ಹೇಳಿದರೆ ಅವರಿಗೆ ಗೊತ್ತಿರುವುದನ್ನು ಮಾಡಿಕೊಡುತ್ತಾರೆ.

ಸ್ಕಾಲರ್‌ಶಿಪ್ಪಿನ ವಿಷಯದಲ್ಲೂ ಅಷ್ಟೇ. ಕರ್ನಾಟಕ ಸರಕಾರದ ಹೆಚ್ಚಿನ ಸ್ಕಾಲರ್‌ಶಿಪ್ಪು ಅಲ್ಲಿನ ನಿವಾಸಿಗಳಿಗೆ. ಕೊಣಾಜೆಯ ಫೀಸು, ಹಾಸ್ಟೆಲು, ಮೆಸ್ಸು ಎಲ್ಲ ಕೂಡಿಸುವಾಗ ಸ್ಕಾಲರ್‌ಶಿಪ್ ಬಂದರೆ ಲಾಭ, ಬರದಿದ್ದರೂ ನಡೆಯುತ್ತದೆ ಎನ್ನುವ ಹಾಗೆ ಲೆಕ್ಕ ಹಾಕಿ.

ಯಾರು ಎಲ್ಲಿಗೆ

ಕನ್ನಡ ಮೇಷ್ಟ್ರಾಗಿ ಕಾಸರಗೋಡಿನಲ್ಲೇ ಇರುತ್ತೇನೆ, ಮನೆಯ ಜವಾಬ್ದಾರಿಯೂ ಇದೆ ಎನ್ನುವವರಿಗೆ ವಿದ್ಯಾನಗರ. ಬಿ.ಎಡ್‌. ಮತ್ತು ಸೆಟ್‌ಗೆ ಮೊದಲ ವರ್ಷದಿಂದಲೇ ತಯಾರಿ ಇರಲಿ. ನೆಟ್, ಪಿಎಚ್‌.ಡಿ. ಎಂದು ದೂರ ಹೋಗುವ ಮನಸ್ಸಿದ್ದು, ಇಂಗ್ಲಿಷಿಗೆ ಹೆದರಿದರೂ ಓಡಿಹೋಗದವರಿಗೆ ಪೆರಿಯ. ಇತಿಹಾಸ, ಜಾನಪದ, ಪತ್ರಿಕೋದ್ಯಮ ಎನ್ನುವವರಿಗೆ, ಮಂಗಳೂರಿನ ಕಡೆ ಬದುಕು ಕಟ್ಟುವವರಿಗೆ ಕೊಣಾಜೆ. ಮಲಯಾಳ ಓದಲು ಬರೆಯಲು ಬಾರದವರು ಪೆರಿಯಕ್ಕೆ ಹೋಗಿ ಎರಡು ವರ್ಷದಲ್ಲಿ ಕಲಿಯುವುದು ಒಳ್ಳೆಯದು ಎಂದು ನನ್ನ ಅಭಿಪ್ರಾಯ. ಕೇರಳದಲ್ಲಿ ಕನ್ನಡದ ಕೆಲಸ ಸಿಕ್ಕಿದರೂ ಆಫೀಸಿನ ಸುತ್ತೋಲೆ ಬರುವುದು ಮಲಯಾಳದಲ್ಲೇ.

ಕ್ಯಾಂಪಸ್ಸು ನೋಡಲು ಹೋಗುವವರು ಭಾನುವಾರ ಅಪ್ಪನ ಬೈಕಿನಲ್ಲಿ ಹೋಗಬೇಡಿ. ವಾರದ ದಿನ ಬಸ್ಸಿನಲ್ಲೇ ಹೋಗಿ. ಸಂಜೆ ಐದರವರೆಗೆ ಅಲ್ಲೇ ಇರಿ. ಗ್ರಂಥಾಲಯ ಎಷ್ಟು ಹೊತ್ತಿಗೆ ಬಾಗಿಲು ಹಾಕುತ್ತದೆ, ಆಮೇಲೆ ಬಸ್ಸು ಇದೆಯಾ, ಹಾಸ್ಟೆಲಿನಲ್ಲಿ ಮಾರ್ಚ್ ತಿಂಗಳಲ್ಲಿ ನೀರು ಇರುತ್ತದಾ, ಮೊಬೈಲಿಗೆ ರೇಂಜ್ ಎಲ್ಲಿ ಸಿಗುತ್ತದೆ ಎಂದು ನೋಡಿ. ನಮ್ಮ ಹಾಸ್ಟೆಲಿನಲ್ಲಿ ರೇಂಜ್ ಇದ್ದದ್ದು ನೀರಿನ ಟಾಂಕಿಯ ಹತ್ತಿರ ಮಾತ್ರ. ಪ್ರೀತಿ, ಜಗಳ, ಮನೆಯ ಸುದ್ದಿ ಎಲ್ಲ ಆ ಟಾಂಕಿಯ ಬುಡದಲ್ಲೇ.

ಈ ವರ್ಷ ಮೊದಲು ಫೋನ್ ಮಾಡಿದ್ದು ನೀರ್ಚಾಲಿನ ಒಬ್ಬಳು ಹುಡುಗಿ. ಡಿಸೆಂಬರಿನಲ್ಲೇ ಮಾಡಿದಳು, ಅದೇ ಒಂದು ಸಮಾಧಾನ. ಅವಳ ಅಜ್ಜ ಸುರಂಗ ಕೊರೆಯುತ್ತಿದ್ದವರಂತೆ. ಕೊರೆಯುವವರು ಬಳಸುವ ಮಾತುಗಳನ್ನೆಲ್ಲ ಒಂದು ನೋಟುಪುಸ್ತಕದಲ್ಲಿ ಬರೆದಿಟ್ಟಿದ್ದಾಳೆ. "ಇದಕ್ಕೆ ಕನ್ನಡ ಎಂ.ಎ. ಓದಬೇಕಾ, ಭಾಷಾವಿಜ್ಞಾನವಾ ಅಕ್ಕಾ?" ಎಂದು ಕೇಳಿದಳು. ಎರಡಕ್ಕೂ ಅರ್ಜಿ ಹಾಕಲು ಹೇಳಿದ್ದೇನೆ. ಅಜ್ಜನಿಗೆ 80 ದಾಟಿದೆ. ಸೀಟು ಸಿಗುವವರೆಗೆ ಕಾಯದೆ ಅವರ ಮಾತನ್ನು ಈಗಲೇ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಡು ಎಂದೂ ಹೇಳಿದ್ದೇನೆ.